ಬೆಳೆಯುವ ಸಿರಿಯೂ ಬೂಟಿನ ಡಬ್ಬವೂ

ಕಳೆದ ಸಂಚಿಕೆಯಲ್ಲಿ ಹಾಲು ಹೆಪ್ಪಾಗುವ ರಸಾಯನಶಾಸ್ತ್ರವನ್ನು ಕುರಿತು ನಾವು ಬರೆದದ್ದನ್ನು ಓದಿ ಡೆಟ್ರಾಯಿಟ್ ಕಡೆಯ ಓದುಗರೊಬ್ಬರು ಫೋನು ಮಾಡಿದ್ದರು. "ಸ್ವಾಮಿ, ಮೊಸರು ಸಾಕು, ಮುಂದಿನ ಸಲ ಬೇರೇನಾದರೂ ಬಡಿಸಿ" ಎಂದರು. ಸಂಪಾದಕರ ಅಭಿಪ್ರಾಯವೂ ಅದೇ ಎಂದು ತಿಳಿಯಿತು. ಆದ್ದರಿಂದ ಈ ಸಲ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಮನೆಯ ನೆಲಮಾಳಿಗೆಯಲ್ಲಿರುವ ಒಂದು ಬೂಟಿನ ಡಬ್ಬದ ವಿಚಾರ.

ಡಬ್ಬ ನಮ್ಮದಲ್ಲ, ಹತ್ತು ವರ್ಷದ ನಮ್ಮ ಮಗನದು. ಅದರೊಳಗೆ ಬೂಟುಗಳಿಲ್ಲ, ಬೇಸ್‌ಬಾಲ್ ಹುಡುಗರ ಕಾರ್ಡುಗಳಿವೆ. ಒಂದೊಂದು ಕಾರ್ಡಿನ ಮುಂದೆ ಒಬ್ಬ ಹುಡುಗನ ಬಣ್ಣದ ಚಿತ್ರ, ಹಿಂದೆ ಅವನ ಎತ್ತರ, ತೂಕ, ಊರು, ಆಟದ ಅಂಕಿ ಅಂಶ. ನಾವೇನೂ ಇದನ್ನು ಕಂಡು ಬೆರಗಾಗಲಿಲ್ಲ. ತಿಪಟೂರಿನಲ್ಲಿ ನಾವು ಹುಡುಗರಾಗಿದ್ದಾಗ ಬೆಂಕಿಪೊಟ್ಟಣದ ಪಟ ಕೂಡಿಸಿದ್ದೇವೆ. ಕುಸ್ತಿ ಜಟ್ಟಿಗಳ ಟ್ರಂಪ್ ಕಾರ್ಡಿಗಾಗಿ ಗೆಳೆಯರೊಡನೆ ನಿಜವಾದ ಕುಸ್ತಿಯನ್ನೇ ಆಡಿದ್ದೇವೆ. ಬೆರಗಾಗಿದ್ದು ಬೇರೆ ಸಂಗತಿಗೆ. ಡಬ್ಬದಲ್ಲಿದ್ದವರಲ್ಲಿ ಒಬ್ಬನ ಹೆಸರನ್ನೂ ನಾವು ಟೀವಿಯಲ್ಲಿ ಕೇಳಿರಲಿಲ್ಲ.

"ಇವರೆಲ್ಲ ಯಾರಪ್ಪಾ?" ಎಂದೆವು.

"ಇವರು ಇನ್ನೂ ಯಾರೂ ಅಲ್ಲ ಅಪ್ಪಾ. ಪ್ರಾಸ್ಪೆಕ್ಟ್ಸ್!" ಎಂದ.

ಪ್ರಾಸ್ಪೆಕ್ಟ್ ಎಂದರೆ ಮುಂದೆ ಬಂದಾನು ಎಂದು ಬಲ್ಲವರು ನಂಬಿರುವ ಹುಡುಗ. ನಮ್ಮ ಕಡೆ ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರಲ್ಲ, ಆ ಗಾದೆಗೆ ಇಲ್ಲಿ ಒಂದು ಪೇಟೆಯೇ ಇದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೇಸ್‌ಬಾಲಿನಲ್ಲಿ 1965ರಿಂದ ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತದೆ. ಮೇಜರ್ ಲೀಗಿನ ತಂಡಗಳು ಹೈಸ್ಕೂಲು ಕಾಲೇಜುಗಳ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಆರಿಸಿದ ಮಾತ್ರಕ್ಕೆ ದೊಡ್ಡ ಆಟಕ್ಕೆ ಇಳಿಸುವುದಿಲ್ಲ. ಮೈನರ್ ಲೀಗಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾರೆ, ಅದಕ್ಕೆ ಮೂರು ವರ್ಷವೂ ಆಗಬಹುದು, ಆರು ವರ್ಷವೂ ಆಗಬಹುದು. ಬಹಳ ಹುಡುಗರು ನಡುವೆಯೇ ಇಳಿದು ಮನೆಗೆ ಹೋಗುತ್ತಾರೆ. ಆದರೆ ಮೊದಲ ಮೆಟ್ಟಿಲಿನಲ್ಲೇ ಅವರ ಚಿತ್ರ ಅಚ್ಚಾಗಿರುತ್ತದೆ. ಈ ಕೆಲಸಕ್ಕೆ ಹೆಸರಾದದ್ದು ಬೌಮನ್ ಎಂಬ ಮುದ್ರೆ. 1948ರಲ್ಲಿ ಚೂಯಿಂಗ್ ಗಮ್ಮಿನ ಜೊತೆ ಬೇಸ್‌ಬಾಲ್ ಕಾರ್ಡು ಕೊಡಲಾರಂಭಿಸಿದ ಕಂಪನಿ ಅದು. 1956ರಲ್ಲಿ ಅದನ್ನು ಟಾಪ್ಸ್ ಕಂಪನಿ ನುಂಗಿತು, 1989ರಲ್ಲಿ ಹಳೆಯ ಹೆಸರಿಗೆ ಮತ್ತೆ ಜೀವ ಕೊಟ್ಟಿತು. ಹುಡುಗನೊಬ್ಬನ ಮೊದಲ ಬೌಮನ್ ಕಾರ್ಡು ಎಂದರೆ ಕೂಡಿಸುವವರ ಪಾಲಿಗೆ ಜಾತಕವಿದ್ದ ಹಾಗೆ.

ಜಾತಕ ಕೂಡಿಬಂದರೆ ಏನಾಗುತ್ತದೆ? 2009ರಲ್ಲಿ ಲಾಸ್ ಏಂಜಲೀಸ್‌ನ ಏಂಜಲ್ಸ್ ತಂಡದವರು ನ್ಯೂಜೆರ್ಸಿಯ ಮೈಕ್ ಟ್ರೌಟ್ ಎಂಬ ಹುಡುಗನನ್ನು 25ನೆಯವನಾಗಿ ಆರಿಸಿದರು. ಅವನ ಸಹಿಯಿದ್ದ, ಜಗತ್ತಿನಲ್ಲಿ ಒಂದೇ ಪ್ರತಿಯಿದ್ದ ಆ ವರ್ಷದ ಬೌಮನ್ ಕಾರ್ಡು 2020ರ ಆಗಸ್ಟಿನಲ್ಲಿ 39 ಲಕ್ಷ 36 ಸಾವಿರ ಡಾಲರಿಗೆ ಹರಾಜಾಯಿತು. 1952ರ ಟಾಪ್ಸ್ ಮಿಕಿ ಮ್ಯಾಂಟಲ್ ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆ ಮ್ಯಾಂಟಲ್ ಕಾರ್ಡು ದುರ್ಲಭವಾದ ಬಗೆಯೂ ತಮಾಷೆಯದು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವೆಂದು ಟಾಪ್ಸ್‌ನ ಸೈ ಬರ್ಗರ್ ತಾವೇ ಹೇಳಿದ್ದರು.

ಈ ಅಂಕಿಗಳನ್ನು ನಾವು ಊಟದ ಹೊತ್ತಿನಲ್ಲಿ ಓದಿದ್ದೇ ತಪ್ಪಾಯಿತು. ಹುಳಿಯನ್ನ ಆರಿತು, ತಲೆ ಬಿಸಿಯಾಯಿತು. ನಾವು ಡಾಕ್ಟರೇಟ್ ಮಾಡಿದವರು, ಅಂಕಿ ಅಂಶ ಅರೆದು ಕುಡಿದವರು. ಮಗ ಕಣ್ಣು ಮುಚ್ಚಿ ಪೊಟ್ಟಣ ಹರಿಯುವ ಬದಲು ನಾವು ಲೆಕ್ಕ ಹಾಕಿ ಒಬ್ಬನನ್ನೇ ಆರಿಸಿದರೆ ಹೇಗೆ? ಎರಡು ವಾರ ರಾತ್ರಿ ಕುಳಿತು ಪಟ್ಟಿ ಮಾಡಿದೆವು. ಕೊನೆಗೆ ಒಬ್ಬ ಹುಡುಗನ ಸಹಿಯಿದ್ದ ಕಾರ್ಡನ್ನು 400 ಡಾಲರ್ ಕೊಟ್ಟು ತರಿಸಿದೆವು. ನಮ್ಮ ಶ್ರೀಮತಿಯವರಿಗೆ 40 ಎಂದು ಹೇಳಿದೆವು. ಸೊನ್ನೆಯನ್ನು ಕಂಡುಹಿಡಿದ ದೇಶದವರು ನಾವು, ಒಂದು ಸೊನ್ನೆ ಅತ್ತಿತ್ತ ಮಾಡುವ ಹಕ್ಕು ನಮಗಿಲ್ಲವೆ?

ಹುಡುಗನ ಹೆಸರು ಇಲ್ಲಿ ಬೇಡ, ಪಾಪ, ಇನ್ನೂ ಆಡುತ್ತಿದ್ದಾನೆ. ಮುಂದಿನ ಬೇಸಿಗೆಯಲ್ಲಿ ಅವನ ಮೊಣಕೈ ಕೈಕೊಟ್ಟಿತು. ಕಾರ್ಡು 35 ಡಾಲರಿಗೆ ಇಳಿಯಿತು. ಶ್ರೀಮತಿಯವರಿಗೆ ನಾವು ಹೇಳಿದ್ದು ಕೊನೆಗೆ ಹೆಚ್ಚುಕಡಿಮೆ ನಿಜವೇ ಆಯಿತು.

ಆಗ ಕುಳಿತು ಸ್ವಲ್ಪ ಚರಿತ್ರೆ ಓದಿದೆವು. ಮೊದಲೇ ಓದಬೇಕಿತ್ತು. 1991ರಲ್ಲಿ ಯಾಂಕೀಸ್ ತಂಡದವರು ಬ್ರಿಯನ್ ಟೇಲರ್ ಎಂಬ ಹುಡುಗನನ್ನು ಎಲ್ಲರಿಗಿಂತ ಮೊದಲು ಆರಿಸಿ 15 ಲಕ್ಷ 50 ಸಾವಿರ ಡಾಲರ್ ಕೊಟ್ಟರು. 1993ರ ಡಿಸೆಂಬರಿನಲ್ಲಿ ಒಂದು ಹೊಡೆದಾಟದಲ್ಲಿ ಅವನ ಭುಜಕ್ಕೆ ತೀವ್ರ ಗಾಯವಾಯಿತು. ಮೇಜರ್ ಲೀಗಿನಲ್ಲಿ ಅವನು ಒಂದು ಚೆಂಡನ್ನೂ ಎಸೆಯಲಿಲ್ಲ. ನಮ್ಮ ಷಿಕಾಗೋ ಕಬ್ಸ್ ತಂಡ 2001ರಲ್ಲಿ ಎರಡನೆಯವನಾಗಿ ಆರಿಸಿದ ಮಾರ್ಕ್ ಪ್ರಯರ್ 2003ರಲ್ಲಿ 18 ಪಂದ್ಯ ಗೆದ್ದ. ಇಂಥ ಎಸೆತಗಾರ ಹುಟ್ಟಿಲ್ಲವೆಂದು ಊರೆಲ್ಲ ಕುಣಿಯಿತು. 2006ರ ಬಳಿಕ ಗಾಯಗಳಿಂದ ಮತ್ತೆ ದೊಡ್ಡ ಆಟಕ್ಕೆ ಬರಲಾಗಲಿಲ್ಲ. ಅವನಿಗಿಂತ ಮೊದಲು ಮಿನಿಸೋಟದವರು ಆರಿಸಿದ್ದ ಜೋ ಮಾವರ್ 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಇನ್ನೊಂದು ಮಾತು. ಟ್ರೌಟನನ್ನು 25ನೆಯವನಾಗಿ ಆರಿಸಿದ ಏಂಜಲ್ಸ್ ತಂಡಕ್ಕೆ 24ನೆಯ ಸರದಿಯೂ ಇತ್ತು. ಅದರಲ್ಲಿ ಅವರು ಆರಿಸಿದ್ದು ರ‍್ಯಾಂಡಲ್ ಗ್ರಿಚಕ್ ಎಂಬ ಇನ್ನೊಬ್ಬನನ್ನು! ಸಂಬಳ ಕೊಟ್ಟು ಶೋಧಕರನ್ನು ಇಟ್ಟುಕೊಂಡವರ ಗತಿಯೇ ಹೀಗಿರುವಾಗ, ರಾತ್ರಿ ಹನ್ನೊಂದರ ಮೇಲೆ ಪಟ್ಟಿ ಮಾಡುವ ನಮ್ಮಂಥವರ ಪಾಡೇನು?

ಇದು ನಮಗೆ ತಿಳಿಯದ ವಿಷಯವೂ ಅಲ್ಲ. ನಮ್ಮ ವೃತ್ತಿಯಲ್ಲಿಯೂ ಪ್ರಾಸ್ಪೆಕ್ಟುಗಳಿವೆ. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋದ ಔಷಧಗಳಲ್ಲೇ ಹತ್ತಕ್ಕೆ ಸುಮಾರು ಒಂದು ಮಾತ್ರ ಅಂಗಡಿಗೆ ಬರುತ್ತದೆ. ನಾವು ನಾಲ್ಕು ವರ್ಷ ಕೂಸಿನ ಹಾಗೆ ಸಾಕಿದ ಒಂದು ಅಣು ಅಲ್ಲಿಯವರೆಗೂ ಹೋಗದೆ ಒಂದು ಶುಕ್ರವಾರ ಮಧ್ಯಾಹ್ನದ ಮೀಟಿಂಗಿನಲ್ಲಿ ಸತ್ತುಹೋಯಿತು. ಅಂದು ಮನೆಗೆ ಬಂದು ನಾವು ಯಾರೊಡನೆಯೂ ಮಾತಾಡಲಿಲ್ಲ. ಪ್ರಯೋಗಾಲಯದಲ್ಲಿ ಕಲಿತ ಬುದ್ಧಿ ನೆಲಮಾಳಿಗೆಯವರೆಗೆ ಇಳಿಯುವುದಿಲ್ಲ ಎಂದಷ್ಟೇ ಹೇಳಬಹುದು.

ಆ ಬುದ್ಧಿ ಇಳಿಯಲಿಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ. 400 ಡಾಲರಿನ ಕಾರ್ಡನ್ನು ಎಲ್ಲಿಡುವುದು? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಪಾರದರ್ಶಕ ಪ್ಲಾಸ್ಟಿಕ್ ಫೈಲೊಂದಿತ್ತು, ನಮ್ಮ ಮಾರ್ಕ್ಸ್ ಕಾರ್ಡುಗಳಿದ್ದ ಫೈಲು. ಅದರಲ್ಲೇ ಇಟ್ಟೆವು. ಮೆತ್ತನೆಯ ಆ ಪ್ಲಾಸ್ಟಿಕ್ಕು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆಯಂಥ ಥ್ಯಾಲೇಟ್ ಪದಾರ್ಥ ಕಾಲಕ್ರಮೇಣ ಹೊರಗೆ ಜಿನುಗುತ್ತದೆ. ಕಾರ್ಡಿನ ಮೇಲ್ಮೈ ಅಂಟಂಟಾಗಿ ಸಹಿ ಮಸುಕಾಯಿತು. ಇದನ್ನು ನಾವೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇವೆ! ಆದ್ದರಿಂದ ಓದುಗರಿಗೆ ಹೇಳುವುದಿಷ್ಟೆ. ಕಾರ್ಡಾಗಲಿ, ಅಜ್ಜಿಯ ಫೋಟೋ ಆಗಲಿ, ಪಾಲಿಪ್ರೊಪಿಲೀನ್ ಇಲ್ಲವೆ ಪಾಲಿಯೆಸ್ಟರ್ ಹಾಳೆಯಲ್ಲಿಡಿ. ಹೊಸ ಪ್ಲಾಸ್ಟಿಕ್ ಚೀಲದ ಗಾಢ ವಾಸನೆ ಬಂದರೆ ದೂರವಿಡಿ. ಬಿಸಿಲು ಬೀಳದ ಜಾಗ ನೋಡಿ. ಥಳಥಳಿಸುವ ಈಗಿನ ಕಾರ್ಡುಗಳು ಬಿಲ್ಲಿನ ಹಾಗೆ ಬಾಗಿದರೆ ಗಾಬರಿ ಬೇಡ. ಒಳಗಿನ ಕಾಗದ ಮಳೆಗಾಲದ ತೇವ ಹೀರಿ ಹಿಗ್ಗುತ್ತದೆ, ಚಳಿಗಾಲದಲ್ಲಿ ಫರ್ನೆಸ್ಸಿನ ಒಣ ಗಾಳಿಗೆ ಕುಗ್ಗುತ್ತದೆ, ಮೇಲಿನ ಪೊರೆ ಅದರ ಜೊತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಗಂಡಹೆಂಡಿರ ಮನಸ್ತಾಪದಂತೆ ಹವೆ ಬದಲಾದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಇಷ್ಟೆಲ್ಲ ಆದಮೇಲೆ ಕೆಟ್ಟ ಕಾರ್ಡನ್ನು ಎಸೆಯಲು ಹೊರಟಿದ್ದೆವು. ಮಗ ಕೈಯಿಂದ ಕಿತ್ತುಕೊಂಡ. "ಅವನು ಮೊನ್ನೆ ಮತ್ತೆ ಆಡಿದನಲ್ಲ ಅಪ್ಪಾ, ಎರಡು ಇನ್ನಿಂಗ್ಸ್!" ಎಂದ. ಆಗ ತಿಳಿಯಿತು, ಕಾರ್ಡಿನ ಬೆಲೆ ಬಿದ್ದಮೇಲೆ ನಾವು ಆ ಹುಡುಗನ ಸುದ್ದಿ ನೋಡುವುದನ್ನೇ ಬಿಟ್ಟಿದ್ದೆವು. ಇವನು ದಿನವೂ ನೋಡುತ್ತಿದ್ದ.

ಇವನ ಡಬ್ಬದಲ್ಲಿ ಮೇಲಿನ ಸ್ಥಾನ ಯಾರದೆಂದು ಕೇಳಿದೆವು. ಕುಮಾರ್ ರಾಕರ್ ಎಂಬುವನದು. ತಾಯಿಯ ಕಡೆಯಿಂದ ಭಾರತದ ಮೂಲದವನು. 2019ರಲ್ಲಿ ಕಾಲೇಜು ಪಂದ್ಯವೊಂದರಲ್ಲಿ ಎದುರಾಳಿಗಳಿಗೆ ಒಂದು ಹಿಟ್ಟನ್ನೂ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ 10ನೆಯವನಾಗಿ ಆರಿಸಿ, ವೈದ್ಯಕೀಯ ವರದಿ ನೋಡಿ ಸಹಿ ಮಾಡದೆ ಕೈಬಿಟ್ಟರು. ಅವನು ಯಾವ ಮೇಜರ್ ಲೀಗ್ ತಂಡದ ಆಶ್ರಯವೂ ಇಲ್ಲದ ಫ್ರಾಂಟಿಯರ್ ಲೀಗಿನಲ್ಲಿ ಆಡಿದ. ನಮ್ಮ ಪಕ್ಕದ ಷಾಂಬರ್ಗ್ ಊರಿನ ಬೂಮರ್ಸ್ ತಂಡ ಇರುವ ಲೀಗು ಅದು. 2022ರಲ್ಲಿ ಟೆಕ್ಸಸ್‌ನವರು ಮೂರನೆಯವನಾಗಿ ಆರಿಸಿದರು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2024ರ ಸೆಪ್ಟೆಂಬರಿನಲ್ಲಿ ಕೊನೆಗೂ ಮೇಜರ್ ಲೀಗಿಗೆ ಬಂದ. "ಎಷ್ಟು ಸಲ ಬಿದ್ದ ನೋಡು!" ಎಂದು ಮಗ ಹೆಮ್ಮೆಯಿಂದ ಹೇಳಿದ. ಬಿದ್ದದ್ದನ್ನು ಹೆಮ್ಮೆಯಿಂದ ಎಣಿಸುವವರನ್ನು ನಮ್ಮ ಮನೆತನದಲ್ಲಿ ನಾವು ಕಂಡದ್ದು ಇದೇ ಮೊದಲು.

ಹಾಳಾದ ಫೈಲಿನಿಂದ ಮಾರ್ಕ್ಸ್ ಕಾರ್ಡುಗಳನ್ನು ತೆಗೆಯುವಾಗ ನಮ್ಮ ತಂದೆಯವರು ಜೋಪಾನ ಮಾಡಿದ್ದ ಒಂದು ಕರಪತ್ರವೂ ಹೊರಬಂತು. 2003ರಲ್ಲಿ ನಾವು ಎಸ್ಸೆಸ್ಸೆಲ್ಸಿ ಪಾಸಾದಾಗ ಟ್ಯೂಷನ್ನಿನವರು ಹಂಚಿದ್ದು. ಹನ್ನೆರಡು ಹುಡುಗ ಹುಡುಗಿಯರ ಪಾಸ್‌ಪೋರ್ಟ್ ಅಳತೆಯ ಫೋಟೋ, ಕೆಳಗೆ ಹೆಸರು, ಅಂಕ. ನಾವು ಎರಡನೆಯವರು.

ಮಗ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಅಪ್ಪಾ, ಇದು ನಿನ್ನ ಫಸ್ಟ್ ಕಾರ್ಡಾ?" ಎಂದ. ಮರುಕ್ಷಣವೇ, "ಫಸ್ಟ್ ಬಂದವನು ಈಗ ಏನು ಮಾಡ್ತಿದಾನೆ?" ಎಂದ.

ಫಸ್ಟ್ ಬಂದವನು ನಮ್ಮ ಬೆಂಚಿನವನೇ. ಡಾಕ್ಟರಾಗುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು. ಪಿಯುಸಿಯಲ್ಲಿ ಎಡವಿದ. ಆಮೇಲೆ ಅವನ ಫೋಟೋ ಯಾವ ಕರಪತ್ರದಲ್ಲೂ ಬರಲಿಲ್ಲ. ನಾವು ಮೈಸೂರಿಗೆ ಹೋದೆವು, ಅಮೆರಿಕಕ್ಕೆ ಬಂದೆವು, ಐದಾರು ಸಲ ಊರಿಗೂ ಹೋಗಿಬಂದೆವು. ಒಮ್ಮೆಯೂ ಅವನನ್ನು ಹುಡುಕಲಿಲ್ಲ. ಮಗನಿಗೆ ಗೊತ್ತಿಲ್ಲ ಎಂದೆವು. ಅವನು ನಮ್ಮನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆವು.

ಆ ಶನಿವಾರ ಊರಿಗೆ ಫೋನು ಮಾಡಿ, ತಂದೆಯವರಿಂದ ನಂಬರು ಪಡೆದು ಮಾತಾಡಿದೆವು. ಕೊಬ್ಬರಿ ಮಂಡಿ ನಡೆಸುತ್ತಾನೆ, ಇಬ್ಬರು ಹೆಣ್ಣುಮಕ್ಕಳು. "ಏನೋ ಇಷ್ಟು ವರ್ಷದ ಮೇಲೆ? ಯಾರಿಗಾದರೂ ಹುಷಾರಿಲ್ಲವೇನೋ?" ಎಂದು ಗಾಬರಿಯಾದ. ಇಲ್ಲವೆಂದೆವು. ಕಾರ್ಡಿನ ಕಥೆ ಹೇಳಿದಾಗ ನಕ್ಕುನಕ್ಕು ಕೆಮ್ಮು ಬಂತು ಅವನಿಗೆ. ಆ ಕರಪತ್ರ ತನ್ನ ಹತ್ತಿರ ಇಲ್ಲವಂತೆ, ಒಂದು ಪ್ರತಿ ಕಳಿಸು ಎಂದ. ಕಳಿಸಿದ್ದೇವೆ, ಪಾಲಿಯೆಸ್ಟರ್ ಹಾಳೆಯಲ್ಲಿ.

ಈಗ ನಾವೂ ಮಗನೂ ಬೇಸಿಗೆಯಲ್ಲಿ ನಾರ್ತ್ ಅವೆನ್ಯೂ ಹಿಡಿದು ಪಶ್ಚಿಮಕ್ಕೆ ಜಿನೀವಾಕ್ಕೆ ಹೋಗಿ ಕೇನ್ ಕೌಂಟಿ ಕೂಗರ್ಸ್ ತಂಡದ ಆಟ ನೋಡುತ್ತೇವೆ. 2021ರಲ್ಲಿ ಮೇಜರ್ ಲೀಗಿನವರು ಮೈನರ್ ತಂಡಗಳ ಸಂಖ್ಯೆಯನ್ನು 120ಕ್ಕೆ ಇಳಿಸಿದಾಗ ಈ ತಂಡಕ್ಕೂ ದೊಡ್ಡಮನೆಯ ನಂಟು ತಪ್ಪಿತು. ಡೆಟ್ರಾಯಿಟಿನವರು ಎರಡು ಕೈಯಿಂದ ಎತ್ತಿ ಮೆರೆಸಿದ ಮಿಗೆಲ್ ಕಬ್ರೇರಾ 18ರ ಹುಡುಗನಾಗಿ 2001ರಲ್ಲಿ ಆಡಿದ್ದು ಇದೇ ಅಂಗಳದಲ್ಲಿ. ಈಗ ಅಲ್ಲಿ ಆಡುವವರಲ್ಲಿ ಹೆಚ್ಚಿನವರು ಇನ್ನೊಂದು ಅವಕಾಶಕ್ಕಾಗಿ ಕಾದಿರುವವರು. ಆಟ ಮುಗಿದಮೇಲೆ ಬೇಲಿಯ ಹತ್ತಿರ ನಿಂತರೆ ಪುಕ್ಕಟೆ ಸಹಿ ಹಾಕಿಕೊಡುತ್ತಾರೆ, ಮಗುವಿನ ಹೆಸರನ್ನೂ ಕೇಳುತ್ತಾರೆ.

ಕೊನೆಯಲ್ಲಿ ಒಂದು ವಿನಂತಿ. 1976ರಲ್ಲಿ ಚೆಂಡಿನೊಡನೆ ಮಾತಾಡುತ್ತ 19 ಪಂದ್ಯ ಗೆದ್ದು, ಮರುವರ್ಷವೇ ಗಾಯಗೊಂಡು, ಒಟ್ಟು 29 ಗೆಲುವಿಗೆ ನಿಂತುಹೋದ ಟೈಗರ್ಸ್ ತಂಡದ ಮಾರ್ಕ್ ಫಿಡ್ರಿಚ್‌ನ 1977ರ ಟಾಪ್ಸ್ ಕಾರ್ಡು ಡೆಟ್ರಾಯಿಟ್ ಬಳಗದ ಯಾರಲ್ಲಾದರೂ ಎರಡೆರಡಿದ್ದರೆ ದಯವಿಟ್ಟು ತಿಳಿಸಿ. ಮೂಲೆ ಮುರಿದಿದ್ದರೂ ಚಿಂತೆಯಿಲ್ಲ. ಬದಲಿಗೆ ನಮ್ಮ ಮಗ ಮೂರು ಪ್ರಾಸ್ಪೆಕ್ಟುಗಳನ್ನು ಕೊಡಲು ಸಿದ್ಧನಿದ್ದಾನೆ. ನಾವು ಬೇಕಾದರೆ ಹೆಪ್ಪಿನ ಮೊಸರು ಕೊಡುತ್ತೇವೆ.