ಆಶ್ಲೇಷ ಮಳೆ ಬೇಕು, ಆಶ್ಲೇಷದ ಹುಡುಗಿ ಬೇಡ್ವಾ?

1/6
ಆಗಸ್ಟ್ ಮೊದಲ ವಾರ ಪಾವಗಡ ಕಡೆ ಯಾವ ಹೊಲಕ್ಕಾದ್ರೂ ಹೋಗಿ ನೋಡಿ. ಕಡ್ಲೆಕಾಯಿ ಹಾಕಿದವರ ಬಾಯಲ್ಲಿ ಒಂದೇ ಮಾತು: "ಆಶ್ಲೇಷ ಆದ್ರೂ ಕೈ ಹಿಡೀತದಾ?" ಶಿರಾ, ಮಧುಗಿರಿ, ಕೊರಟಗೆರೆಲೂ ಅದೇ ಕಾಯೋದು. ಅದೇ ಊರಲ್ಲಿ ಹೆಣ್ಣಿನ ಜಾತಕದಲ್ಲಿ ಆಶ್ಲೇಷ ಕಂಡ್ರೆ? ಫೋಟೋ ವಾಪಸ್. "ಅತ್ತೆಗೆ ಆಗಿಬರಲ್ಲ" ಅಂತಾರೆ, ಮುಗೀತು.

ಪದ ಒಂದೇ. ಮಳೆಗಾದ್ರೆ ಕೈ ಮುಗೀತೀವಿ, ಮಗಳಿಗಾದ್ರೆ ಮುಖ ತಿರುಗಿಸ್ತೀವಿ. ಇದನ್ನ ನಂಬಿಕೆ ಅಂತ ಕರೆಯೋಕೆ ನಾನು ಒಪ್ಪಲ್ಲ. ಯಾಕೆ ಅಂತ ಆ ಪದಗಳಿಂದಲೇ ಹೇಳ್ತೀನಿ, ಕೊನೆವರೆಗೂ ಓದಿ.

2/6
ಆಶ್ಲೇಷ ಅಂದ್ರೆ ಅಪ್ಪುಗೆ. ಮೂಲ ಅಂದ್ರೆ ಬೇರು. ವಿಶಾಖ ಅಂದ್ರೆ ಕವಲೊಡೆದದ್ದು. ಜ್ಯೇಷ್ಠ ಅಂದ್ರೆ ಹಿರಿಯದು. ಆರ್ದ್ರಾ, ನಮ್ಮ ಬಾಯಲ್ಲಿ ಆರಿದ್ರೆ, ಅಂದ್ರೆ ಒದ್ದೆ. ಮೃಗಶಿರ ಅಂದ್ರೆ ಜಿಂಕೆಯ ತಲೆ. ಹಸ್ತ ಅಂದ್ರೆ ಕೈ, ಐದು ಬೆರಳಿಗೆ ಐದು ಚುಕ್ಕಿ. ರೋಹಿಣಿ ಅಂದ್ರೆ ಕೆಂಪನೆಯವಳು. ರಾತ್ರಿ ಮಾಳಿಗೆ ಹತ್ತಿ ನೋಡಿ, ಆ ಚುಕ್ಕಿ ನಿಜವಾಗ್ಲೂ ಕೆಂಪಗಿದೆ.

ಯಾರೋ ತಲೆ ಎತ್ತಿ, ಕಣ್ಣು ಬಿಟ್ಟು ನೋಡಿ ಇಟ್ಟ ಹೆಸರುಗಳಿವು. ಇದರಲ್ಲಿ ಅತ್ತೆಯ ಸಾವು ಎಲ್ಲಿದೆ, ತೋರಿಸಿ.

3/6
ನಾನು ಓದ್ತಿರೋದು ಬಿಕಾಂ, ಹಾಗಾಗಿ ಸ್ವಲ್ಪ ಲೆಕ್ಕ. ನಕ್ಷತ್ರಗಳ ನಡುವೆ ಚಂದ್ರ ಒಂದು ಸುತ್ತು ಹಾಕೋಕೆ 27 ದಿನ ಚಿಲ್ಲರೆ ಬೇಕು. ಅದಕ್ಕೇ ಆಕಾಶಕ್ಕೆ 27 ಭಾಗ. ಚಂದ್ರ ಒಂದೊಂದರಲ್ಲಿ ಸುಮಾರು ಒಂದು ದಿನ ಇರ್ತಾನೆ. ನೀವು ಹುಟ್ಟಿದಾಗ ಅವನು ಎಲ್ಲಿದ್ದನೋ ಅದು ನಿಮ್ಮ ಜನ್ಮನಕ್ಷತ್ರ. ಸೂರ್ಯ ಅದೇ ಒಂದೊಂದು ಭಾಗದಲ್ಲಿ 13-14 ದಿನ ಇರ್ತಾನೆ. ಅದು ಮಳೆನಕ್ಷತ್ರ. ಎರಡೂ ಬರೀ ವಿಳಾಸ.

ತುಮಕೂರಿಂದ ಮಧುಗಿರಿಗೆ ಹೊರಟ ಬಸ್ಸು ಕೊರಟಗೆರೆಲಿ ನಿಂತಿದ್ದಾಗ ಹುಟ್ಟಿದ ಹುಡುಗಿ ಅತ್ತೆಗೆ ಕೇಡು ಅಂದ್ರೆ ನಗ್ತೀರಿ ತಾನೆ? ಚಂದ್ರನ ವಿಷಯಕ್ಕೆ ಯಾಕೆ ನಗಲ್ಲ?

4/6
ಆರೋಪ ಪಟ್ಟಿ ನೋಡಿ. ಆಶ್ಲೇಷ ಅತ್ತೆಗೆ, ಮೂಲ ಮಾವನಿಗೆ, ಜ್ಯೇಷ್ಠ ಗಂಡನ ಅಣ್ಣನಿಗೆ, ವಿಶಾಖ ಗಂಡನ ತಮ್ಮನಿಗೆ. 27ರಲ್ಲಿ 4. ಅಂದ್ರೆ ನೂರಕ್ಕೆ ಸುಮಾರು 15 ಹುಡುಗಿಯರು ಹುಟ್ಟಿದ ದಿನವೇ ತಪ್ಪಿತಸ್ಥರು! ಅದೇ ನಕ್ಷತ್ರದಲ್ಲಿ ಹುಟ್ಟಿದ ಹುಡುಗನನ್ನ ಯಾರು ಅಷ್ಟು ತನಿಖೆ ಮಾಡ್ತಾರೆ ಹೇಳಿ?

ಜ್ಯೇಷ್ಠ ಅಂದ್ರೆ ಹಿರಿಯ, ಕೇಡು ಬಿದ್ದಿದ್ದು ಮನೆ ಹಿರಿಮಗನಿಗೆ. ಪದದ ಜೊತೆ ಆಟ ಆಡಿ ಕಟ್ಟಿದ ಕತೆ ಇದು ಅಂತ ನನ್ನ ಅನುಮಾನ. ಜ್ಯೇಷ್ಠದ ಕೆಂಪು ಚುಕ್ಕಿಯಿಂದ ಇವತ್ತು ನಮ್ಮ ಕಣ್ಣಿಗೆ ಬೀಳೋ ಬೆಳಕು ಹೊರಟು 500 ವರ್ಷದ ಮೇಲಾಗಿದೆ. ನಿಮ್ಮ ಮನೆಗೆ ಸೊಸೆ ಬರೋ ಸುದ್ದಿ ಅದಕ್ಕೆ ಯಾರು ಹೇಳಿದ್ರು?

5/6
ಈಗ ಪಾವಗಡದ ಮಾತು, ಅಂದ್ರೆ ಶನಿಮಹಾತ್ಮನ ಮಾತು. ಶನಿವಾರ ಅಲ್ಲಿಗೆ ಹೋಗೋರ ಭಕ್ತಿ ಬಗ್ಗೆ ನನ್ನ ತಕರಾರಿಲ್ಲ. ಅವನ ಹೆಸರು ಹೇಳಿ ಹೆದರಿಸಿ ದುಡ್ಡು ಕೀಳೋರ ಬಗ್ಗೆ ಇದೆ. ಶನೈಶ್ಚರ ಅಂದ್ರೆ ನಿಧಾನವಾಗಿ ನಡೆಯುವವನು. ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು 29 ವರ್ಷ 6 ತಿಂಗಳು. 12 ರಾಶಿಗೆ ಹಂಚಿ, ಒಂದಕ್ಕೆ ಹತ್ರ ಹತ್ರ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ನೀವು ಹೆದರೋ ಸಾಡೇಸಾತಿ ಅಂದ್ರೆ ಇಷ್ಟೇ ಗುಣಾಕಾರ. ಗ್ರಹಚಾರ ಅಂದ್ರೂ ಗ್ರಹಗಳ ನಡಿಗೆ ಅಷ್ಟೇ. ನಾವು ಅದನ್ನ "ಗ್ರಾಚಾರ" ಮಾಡ್ಕೊಂಡು ತಲೆ ಮೇಲೆ ಕೈ ಇಟ್ಕೊಂಡ್ವಿ.

6/6
"ಹಾಗಾದ್ರೆ ಈ ಹೆಸರುಗಳೇ ಬೇಡ, ಎಲ್ಲ ಮೂಢನಂಬಿಕೆ, ಇಂಗ್ಲಿಷೇ ವಿಜ್ಞಾನ" ಅನ್ನೋ ಫ್ರೆಂಡ್ಸಿಗೂ ಒಂದು ಮಾತು. ಡಿಸಾಸ್ಟರ್ ಅನ್ನೋ ಪದ ಬಂದಿದ್ದೇ ಕೆಟ್ಟ ನಕ್ಷತ್ರ ಅನ್ನೋದರಿಂದ. ಅವರದ್ದೂ ಗ್ರಾಚಾರವೇ! ಆದರೆ ಪ್ರವಾಹ ಬಂದಾಗ ಅವರು ಡಿಸಾಸ್ಟರ್ ಅಂತಾರೆ, ಚುಕ್ಕಿಯನ್ನ ಬೈಯಲ್ಲ. ಪದ ಉಳಿಸ್ಕೊಂಡ್ರು, ಭಯ ಬಿಟ್ರು.

ನಾವೂ ಅಷ್ಟು ಮಾಡೋಣ. ಪುಬ್ಬಾ ನಕ್ಷತ್ರವನ್ನ ನಮ್ಮ ರೈತರು ಹುಬ್ಬೆ ಮಳೆ ಮಾಡ್ಕೊಂಡಿದ್ದಾರೆ, ಪಾಲು ಹಾಲಾದ ಹಾಗೆ. ಹೊಲದಲ್ಲಿ ಅಷ್ಟು ಪಳಗಿದ ಪದಗಳನ್ನ ಹೆದರಿಸೋರ ಕೈಗೆ ಯಾಕೆ ಬಿಟ್ಟುಕೊಡಬೇಕು?

ಮುಂದಿನ ಸಲ ನಿಮ್ಮ ಮನೇಲಿ ಯಾರಾದ್ರೂ "ಹುಡುಗಿ ಆಶ್ಲೇಷ, ಬೇಡ" ಅಂದ್ರೆ ಸುಮ್ಮನಿರಬೇಡಿ. "ಆಶ್ಲೇಷ ಅಂದ್ರೆ ಏನು?" ಅಂತ ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ನೀವೇ ಹೇಳಿ: ಅಪ್ಪುಗೆ.

ನಿಮ್ಮೂರಲ್ಲಿ ಮಳೆಗಳ ಹೆಸರು ಹೇಗೆ ಹೇಳ್ತಾರೆ? ಅಜ್ಜಿ-ತಾತನ್ನ ಕೇಳಿ ಕೆಳಗೆ ಬರೀರಿ.

#ಮಳೆನಕ್ಷತ್ರ #ಆಶ್ಲೇಷ #ಪಾವಗಡ #ಶಿರಾ #ಮಧುಗಿರಿ #ಕೊರಟಗೆರೆ