ಕೆರೆಯ ಮೀನೂ ಒಳಮನೆಯ ದೂತನೂ

ಮಾಯಸಂದ್ರದ ಸುತ್ತಣ ತೆಂಗಿನ ಸೀಮೆಯ ಕೆರೆಗಳಲ್ಲಿ ಕಟ್ಲ, ರೋಹು, ಮೃಗಾಲ್ ಮೀನುಗಳು ಸೊಗಸಾಗಿ ಬೆಳೆಯಬಲ್ಲವು. ಆದರೆ ನಿಂತ ನೀರಿನಲ್ಲಿ ಅವು ಸಂತಾನಕ್ಕೆ ತೊಡಗುವುದಿಲ್ಲ. ಅವಕ್ಕೆ ಮುಂಗಾರಿನ ಹೊಳೆಯ ನೆರೆ ಬೇಕು. ನೆರೆಯಿಲ್ಲದೆಡೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ತನ್ನ ಚೋದಕವನ್ನು ಸಾಕಷ್ಟು ಸುರಿಸದು. ಆದುದರಿಂದಲೇ ಮರಿಗಳನ್ನು ಹೊರಗಿನಿಂದ ತಂದು ಬಿಡಬೇಕಾಗುತ್ತದೆ. 1957ರ ಜುಲೈ 10ರಂದು ಒಡಿಶಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಕೊಳದಲ್ಲಿಯೇ ಮೊಟ್ಟೆಯಿಡಿಸಿದರು. ನಮ್ಮ ಕೆರೆಗಳ ಮೀನುಗಾರಿಕೆಯೆಲ್ಲವೂ ಆ ಸೂಜಿಮೊನೆಯ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಚೋದಕವು ವೃಷಣವನ್ನು ಪ್ರಚೋದಿಸುತ್ತದೆ ಎಂದು ಹೇಳಿ ಪಾಠವನ್ನು ಅಲ್ಲಿಗೇ ಮುಗಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಪ್ರಚೋದಿಸುವುದು ಹೇಗೆ? ಆ ಚೋದಕ ಜೀವಕಣದ ಹೊಸ್ತಿಲನ್ನು ದಾಟುವುದೇ ಇಲ್ಲ! ಹೊರಗೋಡೆಯ ಗ್ರಾಹಕವನ್ನು ಅದು ತಟ್ಟಿದಾಗ, ಒಳಗೆ ಎ.ಟಿ.ಪಿ.ಯಿಂದ ಚಕ್ರೀಯ ಎ.ಎಂ.ಪಿ. ಎಂಬ ಪುಟ್ಟ ಅಣು ಹುಟ್ಟುತ್ತದೆ. ಈ ಒಳಮನೆಯ ದೂತನು ಒಂದು ಕಿಣ್ವವನ್ನು ಎಬ್ಬಿಸುತ್ತಾನೆ. ಆಗ ವೃಷಣದ ಲೈಡಿಗ್ ಕಣಗಳು ಪುರುಷ ಚೋದಕಗಳನ್ನು ತಯಾರಿಸಿ, ವೀರ್ಯಾಣುಗಳು ಪಕ್ವವಾಗಲು ನೆರವಾಗುತ್ತವೆ. ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಈ ಅಣುವನ್ನು ಯಕೃತ್ತಿನಲ್ಲಿ ಕಂಡದ್ದು ಸರಿಸುಮಾರು ಚೌಧುರಿಯವರ ಪ್ರಯೋಗದ ಕಾಲದಲ್ಲಿಯೇ. 1971ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಹೆಣ್ಣುಮೀನಿನಲ್ಲಿ ಇನ್ನೊಂದು ಸೋಜಿಗ. ಅಂಡಾಣುವಿನೊಳಗೆ ಇದೇ ಅಣು ತುಂಬಿರುವವರೆಗೆ ಅದು ಮಾಗದೆ ತಡೆದು ನಿಲ್ಲುತ್ತದೆ. ಸುತ್ತಲಿನ ಕಣಗಳಲ್ಲಿ ಚಕ್ರೀಯ ಎ.ಎಂ.ಪಿ. ಏರಿದಾಗ ಒಂದು ಸ್ಟೆರಾಯ್ಡು ಹೊರಬೀಳುತ್ತದೆ. ಆ ಸ್ಟೆರಾಯ್ಡು ಅಂಡಾಣುವಿನೊಳಗಿನ ಮಟ್ಟವನ್ನು ಇಳಿಸಿದ ಮೇಲೆಯೇ ಅದು ಮಾಗುವುದು. ದೂತನೊಬ್ಬನೇ, ಮನೆ ಬೇರೆಯಾದರೆ ಅಪ್ಪಣೆಯೂ ಬೇರೆ.

ಮೀನೆಂದರೆ ಎಲ್ಲವೂ ಒಂದೇ ಎಂದು ಬಗೆಯುವವರೊಡನೆ ನನಗೆ ಜಗಳವಿರುವುದು ಇಲ್ಲಿಯೇ. ತಣ್ಣೀರಿನ ಟ್ರೌಟ್ ಮೀನಿನ ವೀರ್ಯಾಣು ಹೊರಬಂದೊಡನೆ ಸುತ್ತಲಿನ ಪೊಟ್ಯಾಸಿಯಂ ತಗ್ಗುತ್ತದೆ, ಒಳಗೆ ಚಕ್ರೀಯ ಎ.ಎಂ.ಪಿ. ಏರುತ್ತದೆ, ಬಾಲ ಮಿಡಿಯುತ್ತದೆ. ಬಹು ಅಂದವಾದ ವಿವರಣೆ. ಇದನ್ನೇ ಗೆಂಡೆ ಮೀನಿಗೂ ಹೊದಿಸಿದರೆ ತಪ್ಪಾದೀತು. ಗೆಂಡೆಯ ವೀರ್ಯಾಣುವನ್ನು ಎಬ್ಬಿಸುವುದು ತನ್ನ ದೇಹದ್ರವಕ್ಕಿಂತ ತೆಳುವಾದ ನೀರು. ಅಲ್ಲಿ ಈ ದೂತನ ಏರಿಕೆ ಅನಿವಾರ್ಯವಲ್ಲ. ಟ್ರೌಟಿನ ಪಾಠವನ್ನು ನಂಬಿ, ಗೆಂಡೆಯ ವೀರ್ಯವನ್ನು ಪೊಟ್ಯಾಸಿಯಂ ಬೆರೆಸಿದ ತೆಳು ದ್ರಾವಣದಲ್ಲಿ ಕಾದಿಡಹೊರಟರೆ, ಮಲಗಿರಬೇಕಾದ ವೀರ್ಯಾಣುಗಳೆಲ್ಲ ಎದ್ದು ಈಜಿ ಬಳಲಿಬಿಡುತ್ತವೆ. ಮರಿಕೇಂದ್ರಕ್ಕೆ ಇದು ನೇರ ನಷ್ಟ.

ಆದುದರಿಂದ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ನಮ್ಮ ಕೆರೆಯ ಮೀನನ್ನೇ ಸೂಕ್ಷ್ಮದರ್ಶಕದಡಿ ಇಡಬೇಕೆಂದು ನಾನು ಹೇಳುವೆನು. ಗಾಜಿನ ಮೇಲೆ ಗೆಂಡೆಯ ವೀರ್ಯದ ಚಿಕ್ಕ ತೊಟ್ಟು, ಅದರ ಮೇಲೆ ಕೆರೆಯ ನೀರು, ಇಷ್ಟೇ ಸಾಕು. ಆದರೆ ಕಣ್ಣನ್ನು ಮೊದಲೇ ಮಸೂರಕ್ಕೆ ಹಚ್ಚಿರಬೇಕು, ಏಕೆಂದರೆ ಸುಮಾರು ಒಂದು ನಿಮಿಷದಲ್ಲಿ ಆ ಓಟ ಮುಗಿದುಹೋಗುತ್ತದೆ.