ಗೋಡೆಗಿಂತ ಮೊದಲು ಚಾವಣಿ

ದೇವನಹಳ್ಳಿಯ ಹೊಸ ಕಟ್ಟಡಗಳ ಗಾಜಿನ ಗೋಡೆಗಳಿಗೆಲ್ಲ ಅರೆಪಾರದರ್ಶಕ ಸೌರಕೋಶಗಳನ್ನು ಅಳವಡಿಸಿದೊಡನೆ ಅವು ವಿದ್ಯುತ್ತಿನ ವಿಷಯದಲ್ಲಿ ಸ್ವಾವಲಂಬಿಗಳಾಗುವುವೆಂದು ಈಚೆಗೆ ಪ್ರಕಟವಾದ ಲೇಖನವೊಂದು ಪ್ರತಿಪಾದಿಸಿದೆ. ಆ ಉತ್ಸಾಹವನ್ನು ಗೌರವಿಸುತ್ತಲೇ ಅದರ ನಿರ್ಣಯವನ್ನು ನಿರಾಕರಿಸಬೇಕಾಗಿದೆ.

ಬೆಳಕಿನ ಒಂದೇ ಕಿರಣವು ಕೋಣೆಯನ್ನೂ ಬೆಳಗಿ ವಿದ್ಯುತ್ತನ್ನೂ ಕೊಡಲಾರದು. ಒಳಕ್ಕೆ ಬಿಟ್ಟಷ್ಟು ಬೆಳಕು ಉತ್ಪಾದನೆಗೆ ನಷ್ಟವೇ ಸರಿ. ಆದುದರಿಂದಲೇ, ಇಂದಿನ ಅಪಾರದರ್ಶಕ ಸಿಲಿಕಾನ್ ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಶೇಕಡಾ 20ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಬಲ್ಲುದಾದರೆ, ಅಸ್ಫಟಿಕ ಸಿಲಿಕಾನ್ ಅಥವಾ ಕ್ಯಾಡ್ಮಿಯಂ ಟೆಲ್ಯುರೈಡಿನ ತೆಳುಪದರವುಳ್ಳ ಅರೆಪಾರದರ್ಶಕ ಗಾಜು ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸಿನಲ್ಲೋ ಇನ್ನೂ ಕೆಳಗೋ ನಿಲ್ಲುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಸ್ಥಳಧರ್ಮ: ಉತ್ತರ ಅಕ್ಷಾಂಶ 13 ಡಿಗ್ರಿಯ ಸಮೀಪದಲ್ಲಿರುವ ಈ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯನು ವರ್ಷದ ಬಹುಕಾಲ ನೆತ್ತಿಗೆ ಹತ್ತಿರವಾಗಿಯೇ ಇರುವುದರಿಂದ, ಪ್ರಖರವಾದ ಬಿಸಿಲು ದಕ್ಕುವುದು ಚಾವಣಿಗೇ ಹೊರತು ನೆಟ್ಟನೆ ನಿಂತ ಗೋಡೆಗಲ್ಲ.

ಹಾಗೆಂದು ಈ ಗಾಜು ನಿಷ್ಪ್ರಯೋಜಕವೆನ್ನಲಾಗದು. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಂತೆ, ನೂಲಿನ ಎಳೆ ಕಾಣಲು ಮೇಲಿನಿಂದಲೇ ಬೆಳಕು ಬೇಕಾದೆಡೆಯಲ್ಲಿ, ಅದು ಬಿಸಿಲಿನ ತಾಪವನ್ನು ತಗ್ಗಿಸಿ, ಬೆಳಕನ್ನೂ ಇತ್ತು, ಸ್ವಲ್ಪ ವಿದ್ಯುತ್ತನ್ನೂ ಒದಗಿಸೀತು. ಆದರೆ ಚಾವಣಿಯನ್ನು ಬರಿದಾಗಿ ಬಿಟ್ಟು ಗೋಡೆಗೆ ಹಣ ಸುರಿಯುವುದು ಅವಿವೇಕ. ನಿರ್ಮಾಪಕರು ಮೊದಲು ಚಾವಣಿಯನ್ನು ತುಂಬಲಿ. ಗೋಡೆಯ ವಿಚಾರ ಅನಂತರ ಬರಲಿ.